ಉಸಿರುಕಂಡಿಯ ಮೇಲಿನ ಕುಂಕುಮ

ಎಚ್ಚರದ ಮನೆ, ಗಜೇಂದ್ರಗಡ
ಗಾಳಿಗಂಬದ ಎಣಿಕೆ ೨೦೭, ಎರಡನೇ ಬೇಸಿಗೆಯ ಐವತ್ತೆಂಟನೇ ದಿನ

ಪೂಜ್ಯ ಅನಸೂಯಾ ಬಡಿಗೇರ ಅವರಿಗೆ,

ಮೇಲಿನ ತಾರೀಖು ನಿಮಗೆ ತಿಳಿಯದು. ಗುಡ್ಡದ ಮೇಲೆ ನಿಂತುಹೋಗಿದ್ದ ಗಾಳಿಗಂಬಗಳನ್ನು ನಮ್ಮ ಊರಿನವರು ಮತ್ತೆ ತಿರುಗಿಸಿದ ವರ್ಷದಿಂದ ನಾವು ಕಾಲ ಎಣಿಸುತ್ತೇವೆ. ನಿಮ್ಮ ಲೆಕ್ಕದಲ್ಲಿ ಇದು ೨೩೩೦ರ ಆಚೀಚೆ ಇರಬೇಕು. ಆರು ವರ್ಷದ ಹೆಚ್ಚುಕಡಿಮೆಗಾಗಿ ಬಲ್ಲವರಲ್ಲೇ ಜಗಳವಿದೆ. ನಮಗೆ ವರ್ಷಕ್ಕೆ ಎರಡು ಬೇಸಿಗೆ, ನಡುವೆ ಐದು ವಾರದ ಮಳೆ. ನಿಮ್ಮ ಕನ್ನಡವನ್ನು ನಾವು ನಡುಗನ್ನಡ ಎಂದು ಕರೆದು ಶಾಲೆಯಲ್ಲಿ ಕಲಿಯುತ್ತೇವೆ. ನಾನು ಅದನ್ನೇ ಓದಿ ಪದವಿ ಪಡೆದವಳು, ಆದರೆ ಅದರಲ್ಲಿ ಯಾರಿಗೂ ಪತ್ರ ಬರೆದವಳಲ್ಲ. ಇಲ್ಲಿನವರ ಮಾತುಗಳನ್ನು ನಿಮ್ಮ ಓಣಿಯ ಮಾತಿಗೆ ತಿರುಗಿಸಿ ಬರೆದಿದ್ದೇನೆ. ಆ ಮಾತನ್ನು ನಿಮ್ಮ ಬರಹದಿಂದಲೇ ಕಲಿತೆ. ಎಲ್ಲಾದರೂ ಎಡವಿದ್ದರೆ, ದೂರದ ಊರಿನವಳು ಕಷ್ಟಪಟ್ಟು ಬರೆದಿದ್ದಾಳೆಂದು ಮನ್ನಿಸಬೇಕು.

ಬರೆಯುವ ಕಾರಣ ಹೇಳುತ್ತೇನೆ. ನಿಮ್ಮ ಕಾಲದ ಹಾರ್ಡ್ ಡಿಸ್ಕುಗಳಿಗೆ ನಾವು ತಟ್ಟೆಪೆಟ್ಟಿಗೆ ಎನ್ನುತ್ತೇವೆ. ಅವು ಮುನ್ನೂರು ವರ್ಷ ಮಲಗಿದ್ದವು. ಅವುಗಳನ್ನು ತಿರುಗಿಸಿ ಒಳಗಿನದನ್ನು ಓದಿಕೊಳ್ಳುವ ಕೆಲಸಕ್ಕೆ ಎಬ್ಬಿಸುವುದು ಎಂದು ಹೆಸರು, ಆ ಕೆಲಸ ನಡೆಯುವ ಜಾಗವೇ ಎಚ್ಚರದ ಮನೆ. ಪೆಟ್ಟಿಗೆ ಒಂದೇ ಸಲ ಏಳುತ್ತದೆ. ಎರಡನೇ ಸಲ ಎದ್ದದ್ದನ್ನು ಇಲ್ಲಿ ಯಾರೂ ಕಂಡಿಲ್ಲ. ನೀವು ಕ್ಲೌಡ್ ಎನ್ನುತ್ತಿದ್ದ ದೂರದ ಉಗ್ರಾಣಗಳು ಒಂದೊಂದಾಗಿ ಬಾಗಿಲು ಹಾಕಿದ್ದರಿಂದ, ಜನ ಮನೆಯಲ್ಲಿ ಇಟ್ಟುಕೊಂಡದ್ದಷ್ಟೇ ನಮಗೆ ಸಿಕ್ಕಿದೆ. ಪೆಟ್ಟಿಗೆಯನ್ನು ಎಬ್ಬಿಸಿದ ಮೇಲೆ ಏನು ಸಿಕ್ಕಿತು, ಏನು ಹೋಯಿತು, ಸಿಕ್ಕಿದ್ದು ಯಾರ ಕೈ ಸೇರಿತು ಎಂದು ಅದರ ಒಡೆಯರಿಗೆ ಓಲೆ ಬರೆದು ಪೆಟ್ಟಿಗೆಯ ಜೊತೆ ಇಡಬೇಕೆಂಬುದು ನಮ್ಮ ಮನೆಯ ಕಟ್ಟಳೆ. ಒಡೆಯರು ಓದುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಆದರೂ ಬೇರೆಯವರ ಪೆಟ್ಟಿಗೆ ತೆರೆದು ಒಂದು ಮಾತೂ ಹೇಳದೆ ಹೋಗುವುದು ಸರಿಯಲ್ಲ ಎಂದು ಹಿರಿಯರು ಹೀಗೆ ಮಾಡಿದ್ದಾರೆ.

ಎಚ್ಚರದ ಮನೆಯ ಯಜಮಾನರು ಗುರುಪಾದಪ್ಪ. ಅರವತ್ತು ದಾಟಿದ ಮನುಷ್ಯ, ಕೈ ನಡುಗುವುದಿಲ್ಲ, ಬಾಯಿ ಸುಮ್ಮನಿರುವುದಿಲ್ಲ. ನಾನು ಅಲ್ಲಿ ಕೇಳುಗಿತ್ತಿ. ಪೆಟ್ಟಿಗೆ ತಿರುಗುವಾಗ ಅದರ ದನಿ ಕೇಳುತ್ತ, ತೆರೆಯ ಮೇಲೆ ಮೂಡುವ ಮಾತುಗಳನ್ನು ಗಟ್ಟಿಯಾಗಿ ಓದಿ ಹೇಳುವುದು ನನ್ನ ಕೆಲಸ. ನಾಲ್ಕು ಜನರ ಮುಂದೆ ಬಾಯಿ ಬಿಡಲು ನನಗೆ ಸಂಕೋಚ. ಆದರೆ ಬರೆದದ್ದನ್ನು ಓದುವಾಗ ಮಾತು ನನ್ನದಲ್ಲವಲ್ಲ ಎಂಬ ಧೈರ್ಯವಿರುತ್ತದೆ. ಬೆಳಿಗ್ಗೆ ಗಾಳಿ ನಿಂತ ಮೇಲೆ ಕೆಲಸ ಶುರು, ಏಕೆಂದರೆ ಗಾಳಿಯಲ್ಲಿ ದೂಳು. ಒಳಗೆ ಹೋಗುವ ಮುಂಚೆ ತಲೆಗೆ ಒದ್ದೆ ಬಟ್ಟೆ ಸುತ್ತಿಕೊಳ್ಳುತ್ತೇವೆ, ಬಳೆ ತೆಗೆದಿಡುತ್ತೇವೆ. ಹೆಚ್ಚಿನ ಪೆಟ್ಟಿಗೆಗಳಲ್ಲಿ ಸಿಗುವುದು ಮದುವೆಯ ಫೋಟೊ, ಊಟದ ಫೋಟೊ, ಒಂದೇ ಮಗುವಿನ ಒಂದೇ ನಗುವಿನ ನಲವತ್ತು ಫೋಟೊ. ಅವುಗಳನ್ನು ನೋಡಲು ಹಳ್ಳಿಗಳಿಂದ ಜನ ಬುತ್ತಿ ಕಟ್ಟಿಕೊಂಡು ಬರುತ್ತಾರೆ.

ಈ ಬೇಸಿಗೆಯ ಮೊದಲ ವಾರ ನಿಮ್ಮ ಓಣಿಯ ಫಕೀರವ್ವ ಬಂದರು. ಬಡಿಗೇರ ಓಣಿಯಲ್ಲಿ ಈಗ ಮೂವತ್ತೊಂದು ಮನೆಗಳಿವೆ. ನಿಮ್ಮ ಬಾವಿಯೂ ಇದೆ. ಆದರೆ ಮಳೆಯ ಐದು ವಾರ ಬಿಟ್ಟರೆ ಅದರಲ್ಲಿ ನೀರಿಲ್ಲ. ಹೂಳು ತುಂಬಿದೆ, ತೆಗೆದರೆ ನೀರು ಬರುತ್ತದೆ ಎಂದು ಓಣಿಯವರ ವಾದ. ನೀರುಸಭೆ, ಅಂದರೆ ಯಾವ ಬಾವಿ ಉಳಿಯಬೇಕೆಂದು ತೀರ್ಮಾನಿಸುವ ನಮ್ಮ ಪಂಚಾಯಿತಿ, ಬಾಯಿಮಾತು ಒಪ್ಪುವುದಿಲ್ಲ. ಹಿಂದೆ ಯಾವ ಕಾಲದಲ್ಲಾದರೂ ಒಂಬತ್ತು ಬೇಸಿಗೆ ಸತತವಾಗಿ ಬತ್ತದೆ ಇದ್ದ ಬಾವಿಗೆ ಮಾತ್ರ ಅದು ದುರಸ್ತಿಯ ಅಪ್ಪಣೆ ಕೊಡುತ್ತದೆ, ಅದಕ್ಕೆ ಬರೆದ ಆಧಾರ ಬೇಕು. ಇಲ್ಲವಾದರೆ ಬಾವಿಯ ಬಾಯಿಗೆ ಚಪ್ಪಡಿ. ಓಣಿಯವರು ಐದು ದಿನದ ದಾರಿ ನಡೆದು, ಕೊಳವೆಯಲ್ಲಿ ನೀರು ಬಿಡುವ ಕೊಳವೆಯೂರಿಗೆ ಹೋಗಿ, ಸಾಲಾಗಿ ಕಟ್ಟಿದ ಒಂದೇ ನಮೂನೆಯ ಕೋಣೆಗಳಲ್ಲಿ ಇರಬೇಕು. ಗಡುವು ಈ ಬೇಸಿಗೆಯ ಐವತ್ತೇಳನೇ ದಿನ.

ನಿಮ್ಮ ಮನೆಯ ಗೋಡೆ ಸರಿಮಾಡುವಾಗ ಮಣ್ಣು ಮೆತ್ತಿ ಮುಚ್ಚಿದ್ದ ಒಂದು ಮಾಡ ಸಿಕ್ಕಿತಂತೆ. ಅದರೊಳಗೆ ತಗಡಿನ ಡಬ್ಬಿ, ಡಬ್ಬಿಯೊಳಗೆ ಅರಿಶಿನದ ಬಟ್ಟೆ, ಬಟ್ಟೆಯೊಳಗೆ ಪೆಟ್ಟಿಗೆ. ಡಬ್ಬಿಯ ಮುಚ್ಚಳದ ಒಳಗಡೆ ಮೊಳೆಯಿಂದ ಗೀರಿ ನೀವು "ಬಾವಿ ಲೆಕ್ಕ, ಫೋಟೊ, ಎಲ್ಲಾ" ಎಂದು ಬರೆದಿದ್ದಿರಿ. ಫಕೀರವ್ವ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಬಂದು ಗುರುಪಾದಪ್ಪನವರ ಮುಂದೆ ಕುಳಿತರು.

ಗುರುಪಾದಪ್ಪ ಪೆಟ್ಟಿಗೆಯನ್ನು ಬೆಳಕಿಗೆ ಹಿಡಿದು ತಿರುತಿರುಗಿಸಿ ನೋಡಿದರು. ನಿಮಗೆ ಗೊತ್ತಿರಲಾರದು, ಆ ಜಾತಿಯ ಪೆಟ್ಟಿಗೆಗೆ ಮೇಲ್ಗಡೆ ಎಳ್ಳಿನಷ್ಟು ಚಿಕ್ಕದೊಂದು ತೂತು ಇರುತ್ತದೆ. ನಾವು ಉಸಿರುಕಂಡಿ ಎನ್ನುತ್ತೇವೆ. ತಟ್ಟೆಗಳು ತಿರುಗಿ ಬಿಸಿಯಾದಾಗ ಒಳಗಿನ ಗಾಳಿ ಅಲ್ಲಿಂದ ಹೊರಬರಬೇಕು, ತಣ್ಣಗಾದಾಗ ಹೊರಗಿನದು ಒಳಹೋಗಬೇಕು. ಆ ತೂತಿನ ಸುತ್ತ ಒಂದು ಬಳೆಯ ಗುರುತು, ಬದಿಗೆ ಬಾಣ, ಅದನ್ನು ಮುಚ್ಚಬಾರದೆಂದು ಇಂಗ್ಲಿಷಿನಲ್ಲಿ ಎರಡು ಸಾಲು. ನೀವು ಪ್ರತಿ ಮಹಾನವಮಿಗೆ, ಉಳಿ, ಬಾಚಿ, ಹತ್ತರಿ ಮುಂತಾದ ಬಡಗಿಯ ಸಾಮಾನುಗಳ ಸಾಲಿನಲ್ಲಿ ಈ ಪೆಟ್ಟಿಗೆಯನ್ನೂ ಇಟ್ಟು, ಸರಿಯಾಗಿ ಆ ಬಳೆಯ ನಡುವೆ ಗಂಧ ಹಚ್ಚಿ ಕುಂಕುಮ ಇಟ್ಟಿದ್ದೀರಿ. ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಬೋಳಾದ ಲೋಹದ ಮುಖದ ಮೇಲೆ ಕುಂಕುಮಕ್ಕೆಂದೇ ಯಾರೋ ಗುರುತು ಮಾಡಿಟ್ಟ ಹಾಗೆ ಕಾಣುವ ಜಾಗ ಅದೊಂದೇ. ನಿಮ್ಮ ಜಾಗದಲ್ಲಿ ಇದ್ದಿದ್ದರೆ ನಾನೂ ಅಲ್ಲೇ ಇಡುತ್ತಿದ್ದೆ.

ಗಂಧ ಒಣಗಿ ಕಲ್ಲಾಗಿತ್ತು. ಹಾಗೆಯೇ ತಿರುಗಿಸಿದರೆ ಗಾಳಿ ಉಬ್ಬಿ ಓದುವ ಮುಳ್ಳು ತಟ್ಟೆಗೆ ತಾಗುತ್ತದೆ, ಕೆರೆಯಲೇಬೇಕು ಎಂದು ಗುರುಪಾದಪ್ಪ ಚಿಮಟ ತೆಗೆದರು. ಫಕೀರವ್ವ ಅವರ ಮಣಿಕಟ್ಟು ಹಿಡಿದರು.

"ಏನ್ ಮಾಡಾಕತ್ತೀಯೋ? ಮುತ್ತೈದಿ ಇಟ್ಟ ಕುಂಕುಮ ಐತಿ ಅದು. ನಿನ್ನ ಚಿಮಟ ಅತ್ಲಾಗ ಇಡು."

"ಆ ಮುತ್ತೈದಿ ಹೋಗಿ ಮುನ್ನೂರ ವರ್ಷ ಆತು ಬೇ. ಈಗ ಅಳಿಸಿದ್ರ ಯಾರ ಹಣಿ ಬರಿದಾಕ್ಕೈತಿ?"

"ನಿನ್ನ ಬಾಯಿಗಿಷ್ಟು ಬೂದಿ ಹಾಕ. ಹೋದ್ರೇನಾತು, ಇಟ್ಟದ್ದು ಇಟ್ಟದ್ದ."

"ಹಂಗಾರ ತಗೊಂಡು ನಡಿ. ಮಾಡದಾಗ ಇಟ್ಟು ದೀಪಾ ಹಚ್ಚು. ಕೊಳವೆಯೂರಿಗೆ ಹೋಗಾಗ ತಲಿ ಮ್ಯಾಲೆ ಹೊತ್ಗೊಂಡು ಹೋಗಾಕ ಬರ್ತೈತಿ."

ಒಡೆಯರ ಕಡೆಯವರು ಒಪ್ಪದೆ ಕೈಹಚ್ಚುವಂತಿಲ್ಲ. ಇಬ್ಬರೂ ಮುಖ ತಿರುಗಿಸಿ ಕುಳಿತರು. ಮಜ್ಜಿಗೆ ಕೊಟ್ಟರೆ ಇಬ್ಬರೂ ಕುಡಿಯಲಿಲ್ಲ. ನಾನು ಮೂಲೆಯಲ್ಲಿ ನಿಂತು, ಹೇಳಲೋ ಬೇಡವೋ ಎಂದು ಮೂರು ಸಲ ಯೋಚಿಸಿ, ಕೊನೆಗೆ ಕೇಳಿದೆ: "ಆಯಿ, ಮಹಾನವಮಿ ಮುಗದ ಮ್ಯಾಲೆ ಬಡಿಗೇರು ಉಳಿ ಎತ್ತೂದು ಹೆಂಗ? ಕುಂಕುಮ ಇದ್ದಂಗ ಕೆಲಸಾ ಮಾಡ್ತಾರೇನು?"

ಫಕೀರವ್ವ ನನ್ನ ಕಡೆ ನೋಡಿದರು. ಅವರ ಅಪ್ಪ, ಅಜ್ಜ ಎಲ್ಲರೂ ಬಡಿಗೇರೇ. "ಹಂಗ ಹೆಂಗ ಮಾಡ್ತಾರ? ಬನ್ನಿ ಕೊಟ್ಟು ಬಂದು, ಕೈ ಮುಗದು, ಒರಸತಾರ. ಜಾರೂದಿಲ್ಲೇನು ಕೈಯಾಗ?" ಎಂದರು. ಎಂದವರೇ ಪೆಟ್ಟಿಗೆಯ ಕಡೆ ನೋಡಿದರು. ಆಮೇಲೆ ಗುರುಪಾದಪ್ಪನವರ ಕಡೆ ಕೈ ಚಾಚಿದರು. "ಕೆಲಸಕ್ಕ ಎದ್ದೈತಿ ಅಂದ್ರ ಒರಸಬೇಕ. ಆದ್ರ ನಾ ಒರಸತೀನಿ. ನೀ ಅಲ್ಲ."

ಗಾಜಿನ ಗೂಡಿನೊಳಗೆ, ಸೋಸಿದ ಗಾಳಿಯಲ್ಲಿ, ಫಕೀರವ್ವ ಕೈ ಮುಗಿದು ಹೆಬ್ಬೆರಳಿನ ಉಗುರಿನಿಂದ ಒಂದೊಂದೇ ಪದರ ಎಬ್ಬಿಸಿದರು. ಗಂಧ, ಕುಂಕುಮ, ಮತ್ತೆ ಗಂಧ, ಮತ್ತೆ ಕುಂಕುಮ. ಹದಿನಾಲ್ಕು ಪದರಗಳಿದ್ದವು. ನೀವು ಹದಿನಾಲ್ಕು ವರ್ಷ ಈ ಕೆಲಸ ತಪ್ಪಿಸಿಲ್ಲ ಎಂದು ನಮಗೆ ಹಾಗೆ ತಿಳಿಯಿತು.

ಅದನ್ನು ಅಣಿಮಾಡಲು ಮೂರು ವಾರ ಹಿಡಿಯಿತು, ಮೂವತ್ತೊಂದನೇ ದಿನ ಬೆಳಿಗ್ಗೆ ಪೆಟ್ಟಿಗೆಯನ್ನು ಎಬ್ಬಿಸಿದೆವು. ನೀರುಸಭೆಯ ಕಾರಕೂನ ಚನ್ನಮಲ್ಲಪ್ಪ ಲೇಖನಿ ಹಿಡಿದು ಕುಳಿತಿದ್ದರು. ಅವರಿಗೆ ನಡುಗನ್ನಡ ಬಾರದು. ನಾನು ಓದಿ ಹೇಳಿದ್ದನ್ನು ಅವರು ಬರೆದುಕೊಳ್ಳಬೇಕು. ತಟ್ಟೆ ಮೊದಲು ಮುಲುಕಿತು, ಆಮೇಲೆ ಜೇನುಹುಳದ ದನಿ ಹಿಡಿಯಿತು. ಯಾವುದು ಮೊದಲು ಎಂದು ಗುರುಪಾದಪ್ಪ ಕೇಳಿದರು. "ಬಾಂವೀದು" ಎಂದರು ಫಕೀರವ್ವ.

ನಿಮ್ಮ ಬರಹ ಸಾಲುಸಾಲಾಗಿ ಬಂತು. ದಿನಕ್ಕೊಂದು ಸಾಲು, ಹಗ್ಗ ಎಷ್ಟು ಮಾರು ಇಳಿಯಿತು ಎಂಬ ಲೆಕ್ಕ, ಪಕ್ಕದಲ್ಲಿ ಒಂದೆರಡು ಮಾತು. ನಿಮ್ಮ ಯಜಮಾನರು ಬಾಗಿಲ ಚೌಕಟ್ಟುಗಳ ಚಿತ್ರ ಬರೆಯಲು ತಂದ ಕಂಪ್ಯೂಟರಿನಲ್ಲಿ ನೀವು ಅಡುಗೆ ಮುಗಿಸಿ ಬಂದು ಇದನ್ನು ಬರೆಯುತ್ತಿದ್ದಿರೆಂದು ತಿಳಿಯಿತು. ಮಹಾನವಮಿಯ ಸಾಲುಗಳಲ್ಲಿ ಪೆಟ್ಟಿಗೆಯ ವಿಷಯ ಇರುತ್ತಿತ್ತು. "ಎಲ್ಲಾ ಡಿಸ್ಕಿಗೆ ಕಾಪಿ ಮಾಡಿದೆ. ಎರಡು ತಾಸು." ಮುಂದೊಂದು ವರ್ಷ: "ನಾಕು ತಾಸು ಹಿಡೀತು. ನಡುವೆ ಟಕ್ ಟಕ್ ಅಂತೈತಿ. ರಿಪೇರಿಯವರು ಹೊಸಾದು ತಗೋರಿ ಅಂದ್ರು. ನಮ್ಮನಿಯವರ ಬಾಚಿ ಅವರಪ್ಪನ ಕಾಲದ್ದು. ಹಳೇದಾತಂತ ಯಾರರ ಒಗೀತಾರೇನು?" ಇದನ್ನು ಓದುವಾಗ ಗುರುಪಾದಪ್ಪ ನಕ್ಕರು. ನನಗೆ ನಗು ಬರಲಿಲ್ಲ. ಬಾಚಿ ಮೊಂಡಾದರೆ ಕೈಗೆ ತಿಳಿಯುತ್ತದೆ, ಮಸೆಯಬಹುದು. ಈ ಪೆಟ್ಟಿಗೆ ಟಕ್ ಟಕ್ ಎಂದು ಹೇಳಿದ್ದು ಅದರ ಕೊನೆಯ ಎಚ್ಚರಿಕೆಯಾಗಿತ್ತು. ನೀವು ಮಾತ್ರ ಅದನ್ನು ಕಸುಬಿನ ಸಾಮಾನು ಎಂದು ನಂಬಿ, ಅದರ ಮೇಲೆ ಇನ್ನೂ ಆರು ವರ್ಷ ಭಾರ ಹೊರಿಸಿದಿರಿ.

ಎಂಟು ಬೇಸಿಗೆ ಬಾವಿ ಬತ್ತಿರಲಿಲ್ಲ. ಫಕೀರವ್ವ ಬೆರಳು ಮಡಚಿ ಎಣಿಸುತ್ತಿದ್ದರು, ಎಂಟು ಬೆರಳು ಮಡಚಿತ್ತು. ಒಂಬತ್ತನೆಯ ಬೇಸಿಗೆಯ ನಡುವೆ ತೆರೆಯ ಮೇಲೆ ಈ ಸಾಲು ಬಂತು: "ಹಗ್ಗ ತಳಾ ಮುಟ್ಟಿತು. ಕೊಡದಾಗ ಬರೇ ಕೆಸರು. ನೀರಿಲ್ಲ."

ನಾನು ಓದುವುದನ್ನು ನಿಲ್ಲಿಸಿದೆ. ಚನ್ನಮಲ್ಲಪ್ಪ ಲೇಖನಿ ಎತ್ತಿ ಕಾಯುತ್ತಿದ್ದರು. ಆ ಕೋಣೆಯಲ್ಲಿ ಆ ಸಾಲು ಓದಬಲ್ಲವಳು ನಾನೊಬ್ಬಳೇ. ಹಿಂದಿನ ದಿನದ ಹಾಗೆ ಒಂಬತ್ತು ಮಾರು ಎಂದಿದ್ದರೆ ಸಾಕಿತ್ತು. ಮೂವತ್ತೊಂದು ಮನೆಯವರು ಇದ್ದಲ್ಲೇ ಇರುತ್ತಿದ್ದರು. ಹಾಗೆ ಅನ್ನಬೇಕೆಂದು ನನಗೆ ಅನ್ನಿಸಲಿಲ್ಲ ಎಂದರೆ ಸುಳ್ಳಾದೀತು. ಆದರೆ ನೀರಿಲ್ಲ ಎಂದು ಆ ದಿನ ಕುಳಿತು ಬರೆದವರು ನೀವು. ನಿಮ್ಮ ಬರಹವನ್ನು ನಾನು ತಿದ್ದುವುದು ಹೇಗೆ? ಇದ್ದದ್ದನ್ನು ಇದ್ದ ಹಾಗೆ ಓದಿದೆ. ಫಕೀರವ್ವ ಮಡಚಿದ ಬೆರಳುಗಳನ್ನು ಮೆಲ್ಲಗೆ ಬಿಡಿಸಿಕೊಂಡರು. "ಓದು ತಂಗಿ, ಓದು. ನಿಂದ್ರಬ್ಯಾಡ," ಎಂದರು.

ಹತ್ತೊಂಬತ್ತು ದಿನ ಒಂದೇ ಸಾಲು: ನೀರಿಲ್ಲ. ಅದಾದ ಮೇಲೆ ಇದು: "ಇವತ್ತು ಓಣಿ ಮಂದಿ ಎಲ್ಲಾ ಹೂಳು ತಗದು ಮುಗಿಸಿದ್ರು. ಮಧ್ಯಾಹ್ನ ಸೆಲಿ ಒಡೀತು. ಮೊದಲ ನಮ್ಮನಿಯವರಿಗೆ ಕಂಡದ್ದು. ಸೆಲಿ ಇರೂದು ಬಾಂವಿಯ". ಅಲ್ಲಿಗೆ ಗಾಜಿನ ಮೇಲೆ ಮೊಳೆ ಎಳೆದಂಥ ದನಿ ಬಂತು. ಗುರುಪಾದಪ್ಪ ತಟ್ಟನೆ ನಿಲ್ಲಿಸಿದರು. ಮತ್ತೆ ಅದು ಏಳಲಿಲ್ಲ.

ಮುಚ್ಚಳ ತೆರೆದಾಗ ಕನ್ನಡಿಯಂಥ ತಟ್ಟೆಯ ಮೇಲೆ ಕೂದಲಿನಷ್ಟು ಸಪೂರವಾದ ಕೆಂಪು ಗೆರೆ ಇತ್ತು. ಆ ಕುಂಕುಮ ನಿಮ್ಮ ಕಾಲದಲ್ಲೇ ಒಳಗೆ ಇಳಿದದ್ದೋ, ನಾವು ಕೆರೆಯುವಾಗ ಬಿದ್ದದ್ದೋ ಗುರುಪಾದಪ್ಪನವರಿಗೂ ಹೇಳಲಾಗಲಿಲ್ಲ. ಆದ್ದರಿಂದ ಹೊಣೆಯನ್ನು ನಿಮ್ಮೊಬ್ಬರ ಮೇಲೆ ಹಾಕಲಾರೆ. ಹೋದದ್ದು ಇಷ್ಟು: ನಿಮ್ಮ ಯಜಮಾನರ ಬಾಗಿಲುಗಳ ಚಿತ್ರಗಳೆಲ್ಲ, ಫೋಟೊಗಳೆಲ್ಲ, ಬಾವಿಯ ಕೊನೆಯ ಐದು ವರ್ಷ ಮತ್ತು ಆ ಸಾಲಿನ ಉಳಿದ ಮಾತು. ನಿಮ್ಮ ಮುಖ ಹೇಗಿತ್ತೆಂದು ನಮಗೆ ತಿಳಿಯಲೇ ಇಲ್ಲ.

ಕಾಗದ ಮಡಚುತ್ತ ಚನ್ನಮಲ್ಲಪ್ಪ ಹೇಳಿದರು, "ಒಂಬತ್ತು ಆಗಲಿಲ್ಲಬೇ ಯವ್ವಾ. ನಿಯಮದಾಗ ಬರೂದಿಲ್ಲ." ಆದರೆ ನೀರಿನ ಸೆಲೆಯ ಮಾತೂ ತಮ್ಮ ಬರಹದಲ್ಲಿ ಸೇರಿದೆ, ಗಡುವಿನೊಳಗೆ ಆ ಸೆಲೆಯನ್ನೇ ಕಣ್ಣಿಗೆ ತೋರಿಸಿದರೆ ಸಭೆ ಇನ್ನೊಮ್ಮೆ ಕೇಳಬೇಕಾಗುತ್ತದೆ ಎಂದರು. ಉಳಿದದ್ದು ಇಪ್ಪತ್ತಾರು ದಿನ. ಬಾವಿಯ ತಳದಲ್ಲಿ ಒಮ್ಮೆಗೆ ಇಬ್ಬರೇ ನಿಲ್ಲಬಹುದು. ಅಷ್ಟು ದಿನದಲ್ಲಿ ಒಂದೇ ಮಗ್ಗುಲು ಅಗೆದು ಮುಗಿಯುತ್ತದೆ. ಯಾವ ಮಗ್ಗುಲು ಎಂದು ನೀವು ಬರೆದ ಜಾಗದಲ್ಲೇ ಗೆರೆ ಬಿದ್ದಿತ್ತು.

ದಾರಿಯಲ್ಲಿ ನಾನು ಫಕೀರವ್ವನವರ ಕ್ಷಮೆ ಕೇಳಿದೆ. ಅವರು ಸೆರಗಿನಿಂದ ಕತ್ತು ಒರೆಸಿಕೊಂಡು, "ಸುಳ್ಳು ಬಾಂವಿ ತಗೊಂಡು ನೀರು ಎಲ್ಲಿಂದ ಸೇದ್ಲೆ?" ಎಂದರು. 

ನನಗೆ ಬರುವ ಕೆಲಸ ಒಂದೇ, ಓದುವುದು. ತೆರೆ ಉಳಿಸಿಕೊಂಡಿದ್ದ ಎಂಟು ವರ್ಷದ ಸಾಲುಗಳನ್ನು ಕಾಗದಕ್ಕೆ ಇಳಿಸಿಕೊಂಡು ಮನೆಗೆ ಒಯ್ದೆ. ಎಲ್ಲರೂ ಅಂಕಿಗಳನ್ನು ನೋಡಿದ್ದರು. ನಾನು ಪಕ್ಕದ ಮಾತುಗಳನ್ನು ನೋಡಿದೆ. ಸೊಸೆಯ ಬಸಿರು, ನೆಲಗಡಲೆಯ ಚಟ್ನಿ, ಹರಿದ ಹಗ್ಗ, ಬಾವಿಗೆ ಬಿದ್ದ ತಂಬಿಗೆ. ಮೂರನೇ ದಿನ ಒಂದು ಸಂಗತಿ ಕಂಡಿತು. ಬೇಸಿಗೆ ಬಲಿತ ದಿನಗಳಲ್ಲಿ, ಬೇರೆ ಬೇರೆ ವರ್ಷ, ನೀವು ಏಳು ಸಲ ಹೆಚ್ಚುಕಡಿಮೆ ಇದನ್ನೇ ಬರೆದಿದ್ದೀರಿ: "ಅಡಗಿಮನಿ ಕಿಡಕ್ಯಾಗ ನಿಂತ್ರ ಎದುರಿಗೆ ಕಾಣೂ ಕಲ್ಲಿನ ಸಂದಿ ಅಷ್ಟ ಹಸರ ಐತಿ. ಕಪ್ಪಿ ಎಲ್ಲಾ ಅಲ್ಲೇ ಕುಂತಾವು." ಉಳಿದ ಮೂರು ಮಗ್ಗುಲ ಬಗ್ಗೆ ಇಂಥ ಮಾತು ಎಲ್ಲೂ ಇರಲಿಲ್ಲ.

ನಿಮ್ಮ ಅಡುಗೆಮನೆಗೆ ಹೋದೆ. ಈಗ ಅಲ್ಲಿ ಮೇವು ಇಡುತ್ತಾರೆ, ಕಿಟಕಿ ಹಾಗೆಯೇ ಇದೆ. ಅಲ್ಲಿ ನಿಂತು ನೋಡಿದರೆ ಬಾವಿಯ ಪಡುವಣ ಗೋಡೆ ಎದುರಿಗೆ ಬರುತ್ತದೆ. ಓಣಿಯವರು ಬಡಗಣ ಮಗ್ಗುಲು ಅಗೆಯಬೇಕೆಂದು ಆಗಲೇ ಗುದ್ದಲಿ ತಂದಿದ್ದರು. ನಲವತ್ತು ಜನರ ಮುಂದೆ ನಿಂತು ಹೇಳಬೇಕಾಯಿತು. ನಿಮ್ಮ ಆ ಏಳು ಸಾಲುಗಳನ್ನು ಓದಿ, ಪಡುವಣ ಮಗ್ಗುಲು ಅಗೆಯಿರಿ ಎಂದೆ. "ಪುಸ್ತಕದಾಗಿನ ಕಪ್ಪಿ ನಂಬಿ ಅಗ್ಯಾಕ ಹೇಳ್ತಾಳ," ಎಂದು ಯಾರೋ ನಕ್ಕರು. ಫಕೀರವ್ವ ಸೀರೆ ಕಚ್ಚೆ ಕಟ್ಟುತ್ತಲೇ ಉತ್ತರ ಕೊಟ್ಟರು: "ಕಪ್ಪಿಗೆ ನಿನ್ನಕಿಂತ ಬುದ್ಧಿ ಜಾಸ್ತಿ. ಒಣಗಿದ್ದಲ್ಲಿ ಕುಂದ್ರೂದಿಲ್ಲ. ಇಳೀ ಕೆಳಗ."

ಇಪ್ಪತ್ತು ದಿನ ಅಗೆದರು. ಮೊದಲ ಹತ್ತು ದಿನ ಬುಟ್ಟಿಯಲ್ಲಿ ಬಂದದ್ದು ಬರೀ ಹುಡಿಮಣ್ಣು. ಆಮೇಲೆ ಮಣ್ಣು ಕೈಗೆ ಅಂಟತೊಡಗಿತು. ಐವತ್ತೈದನೇ ದಿನ ಹಗಲಿನಲ್ಲೇ, ಕೆಳಗಿದ್ದ ಇಬ್ಬರೂ ಒಮ್ಮೆಲೇ ಮೇಲಕ್ಕೆ ಕೂಗಿದರು. ಎರಡು ಕಲ್ಲುಗಳ ಸಂದಿಯಿಂದ ಬೆರಳಿನಷ್ಟು ಧಾರೆ. ಅದು ಈಗಲೂ ನಿಂತಿಲ್ಲ. ಮೂವತ್ತೊಂದು ಮನೆಗೆ ಧಾರಾಳವೇನಲ್ಲ, ಆದರೆ ಸಾಲುತ್ತದೆ.

ನಿಮ್ಮಲ್ಲಿ ಒಂದು ಬೇಡಿಕೆ. ಪೂಜೆ ಬಿಡಬೇಡಿ. ಕುಂಕುಮವನ್ನು ಬಾಣದ ಗುರುತಿನಿಂದ ನಾಲ್ಕು ಬೆರಳು ಆಚೆ ಇಡಿ. ಟಕ್ ಟಕ್ ಎಂದರೆ ಅದೇ ದಿನ ಹೊಸ ಪೆಟ್ಟಿಗೆ ತನ್ನಿ, ಹಳೆಯದರ ಪಕ್ಕದಲ್ಲೇ ಅದಕ್ಕೂ ಜಾಗ ಕೊಡಿ, ಒಂದನ್ನು ಬೇರೆಯವರ ಮನೆಯಲ್ಲಿ ಇಡಿ. ಕಪ್ಪೆಗಳ ಬಗ್ಗೆ ಬರೆಯುವುದನ್ನು ಮಾತ್ರ ನಿಲ್ಲಿಸಬೇಡಿ. ಇದು ನಿಮಗೆ ತಲುಪುವುದಿಲ್ಲ. ನಿಮ್ಮ ಹಾಗೆ ಮನೆಯಲ್ಲಿ ಪೆಟ್ಟಿಗೆ ಇಟ್ಟುಕೊಂಡ ಯಾರಿಗಾದರೂ ತಲುಪಿದರೆ ಅಷ್ಟೇ ಸಾಕು.

ನಿನ್ನೆ ಗಡುವಿನ ದಿನ. ಬಾವಿ ಮುಚ್ಚಲು ನೀರುಸಭೆಯ ಗಾಡಿ ದೊಡ್ಡ ಚಪ್ಪಡಿಯೊಂದನ್ನು ಹೊತ್ತು ಬಂತು. ಚನ್ನಮಲ್ಲಪ್ಪ ಬಾವಿಗೆ ಬಗ್ಗಿ ಬಹಳ ಹೊತ್ತು ನೋಡಿದರು, ಹಗ್ಗ ಬಿಟ್ಟು ಅಳೆದರು, ಬರೆದುಕೊಂಡರು. ಆಮೇಲೆ ಗಾಡಿ ತಿರುಗಿಸಲು ಹೇಳಿದರು. ಫಕೀರವ್ವ ಎತ್ತುಗಳ ಮುಂದೆ ಅಡ್ಡ ನಿಂತರು.

"ಗಾಡಿ ಬೇಕಾರ ಒಯ್ರಿ. ಕಲ್ಲು ಇಳಿಸಿ ಹೋಗ್ರಿ."

"ಅದು ಸಭಾದ ಕಲ್ಲು ಬೇ. ನಿಮಗ್ಯಾಕ ಬೇಕದು?"

"ಬಾಂವಿ ಐತಿ ಅಂದ ಮ್ಯಾಲೆ ಅರಿವಿ ಒಗ್ಯಾಕ ಕಲ್ಲು ಬ್ಯಾಡೇನು? ಅಷ್ಟೂ ತಿಳೀವಲ್ದಾ ನಿಮಗ?"

ಎಂಟು ಜನ ಸೇರಿ ಇಳಿಸಿದರು. ಇಂದು ಬೆಳಿಗ್ಗೆ ನಾನು ಹೋದಾಗ ಆ ಕಲ್ಲು ಒದ್ದೆಯಾಗಿತ್ತು, ನಿಮ್ಮ ಕಿಟಕಿಯ ಕೆಳಗೆ ಮೂರು ಸೀರೆಗಳು ಒಣಗುತ್ತಿದ್ದವು.

ನಿಮ್ಮನ್ನು ಓದಿದವಳು,
ನೀಲಗಂಗಾ
ಕೇಳುಗಿತ್ತಿ, ಎಚ್ಚರದ ಮನೆ